ಶಾಲೆಗೆ ಅಂಕ ಹಾಕುವ ಬಗೆ

ನಮ್ಮ ಬೀದಿಯ ತಿರುವಿನಲ್ಲಿ, ಹೊಂಗೆಯ ಮರದ ನೆರಳಿನಲ್ಲಿ, ಇಸ್ತ್ರಿಯ ಗಾಡಿಯೊಂದು ನಿಲ್ಲುತ್ತದೆ. ಅದರ ಒಡೆಯನಾದ ಯುವಕ ಫೆಬ್ರುವರಿಯ ಒಂದು ಸಂಜೆ ಬಟ್ಟೆಯ ಗಂಟನ್ನು ಒಪ್ಪಿಸಲು ಬಂದವನು ಬಾಗಿಲಲ್ಲಿಯೇ ನಿಂತ. "ಮೇಷ್ಟ್ರೇ, ಜೂನ್‌ಗೆ ಮಗಳನ್ನ ಒಂದನೇ ಕ್ಲಾಸಿಗೆ ಹಾಕಬೇಕು. ಕಾನ್ವೆಂಟಿಗೇ ಹಾಕೋಣ ಅಂತಾಳೆ ನಮ್ಮವಳು. ಹಾಕಬೇಕು ಅಂದ್ರೆ ಸಾಲ ಮಾಡಬೇಕು. ಇಲ್ಲೇ ಹಿಂದುಗಡೆ ಸರ್ಕಾರಿ ಸ್ಕೂಲು ಐತಲ್ಲ, ಅದು ಹೆಂಗೆ? ತಾವು ಒಂದು ಸಲ ನೋಡಿ ಹೇಳಿಬಿಟ್ರೆ ನಮಗೆ ಧೈರ್ಯ" ಎಂದ.

ನೋಡಿ ಹೇಳುತ್ತೇನೆಂದು ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಯೋಚನೆಗಿಟ್ಟುಕೊಂಡಿತು. ಮೂವತ್ತು ವರ್ಷಗಳಿಗೂ ಮಿಕ್ಕಿ ಕನ್ನಡ ಅಧ್ಯಾಪಕನಾಗಿದ್ದು ಎಂ.ಎ. ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಿಗೆ ಅಂಕ ಹಾಕಿದವನು ನಾನು. ಆದರೆ ಮಕ್ಕಳು 'ಅ ಆ ಇ ಈ' ಕಲಿಯುವ ಒಂದು ಶಾಲೆಗೆ ಅಂಕ ಹಾಕು ಎಂದರೆ, ಯಾವ ಪ್ರಶ್ನೆಗೆ ಎಷ್ಟು ಅಂಕವೆಂಬುದೇ ನನಗೆ ತಿಳಿದಿರಲಿಲ್ಲ. ಆತನ ಪ್ರಶ್ನೆಯಾದರೋ ಸಣ್ಣದಲ್ಲ. ಚೆನ್ನಾಗಿಲ್ಲದ ಶಾಲೆಯನ್ನು ಚೆನ್ನಾಗಿದೆ ಎಂದು ನಾನು ಹೇಳಿದರೆ ಒಂದು ಮಗುವಿನ ಐದಾರು ವರ್ಷಗಳು ವ್ಯರ್ಥವಾಗುತ್ತವೆ. ಆ ವಯಸ್ಸಿನ ವರ್ಷಗಳು ಮತ್ತೆ ಕೈಗೆ ಸಿಕ್ಕುವಂಥವಲ್ಲ. ಚೆನ್ನಾಗಿರುವ ಶಾಲೆಯನ್ನು ಚೆನ್ನಾಗಿಲ್ಲ ಎಂದರೆ ಒಂದು ಸಂಸಾರ ಸುಮ್ಮನೆ ಸಾಲಕ್ಕೆ ಬೀಳುತ್ತದೆ. ಮಕ್ಕಳ ಸಂಖ್ಯೆ ಕ್ಷೀಣಿಸುತ್ತಿರುವ ಆ ಶಾಲೆ ಇನ್ನೊಂದು ಮಗುವನ್ನು ಕಳೆದುಕೊಳ್ಳುತ್ತದೆ. ಇಂಥ ಪ್ರಶ್ನೆ ಸಾವಿರಾರು ತಂದೆತಾಯಿಗಳದು. ಅದಕ್ಕೆ ಉತ್ತರ ಹುಡುಕುವ ಬಗೆ ಯಾವುದು ಎಂಬುದನ್ನು ಇಂದು ತಮ್ಮ ಮುಂದೆ ವಿಚಾರ ಮಾಡಬೇಕೆಂದಿದ್ದೇನೆ.

ನಾವು ಸಾಮಾನ್ಯವಾಗಿ ಶಾಲೆಯನ್ನು ಅಳೆಯುವುದು ಕಣ್ಣಿಗೆ ಕಾಣುವುದರಿಂದ. ಗೋಡೆಯ ಬಣ್ಣ, ಹುಡುಗರ ಕೊರಳಪಟ್ಟಿ, ಬಾಗಿಲಲ್ಲಿ ನಿಂತ ವ್ಯಾನು, ಫಲಕದ ಮೇಲಿನ ಇಂಗ್ಲಿಷ್ ಅಕ್ಷರ, ಇವೇ ನಮ್ಮ ಮಾನದಂಡಗಳು. ಇವೆಲ್ಲ ಬೇಡವಾದ ವಸ್ತುಗಳೆಂದು ನಾನು ಹೇಳುವುದಿಲ್ಲ. ಸೋರದ ಮಾಡು, ಕುಡಿಯುವ ನೀರು, ಹೆಣ್ಣುಮಕ್ಕಳಿಗೆ ಬಾಗಿಲುಳ್ಳ ಶೌಚಾಲಯ ಇವು ಯಾವ ಶಾಲೆಯಲ್ಲಿಯೂ ಇರಲೇಬೇಕಾದವು. ಆದರೆ ಇವು ಕಲಿಕೆಯ ಅನುಕೂಲಗಳೇ ಹೊರತು ಕಲಿಕೆಯಲ್ಲ. ಪಾತ್ರೆ ಥಳಥಳಿಸಿದ ಮಾತ್ರಕ್ಕೆ ಅಡಿಗೆ ರುಚಿಯಾಗಿದೆಯೆಂದು ಯಾವ ಗೃಹಿಣಿಯೂ ಒಪ್ಪುವುದಿಲ್ಲವಷ್ಟೆ!

ಹಾಗಾದರೆ ಅಂಕಿ ಅಂಶಗಳನ್ನು ನೋಡಬಹುದಲ್ಲ ಎಂದು ವಿದ್ಯಾವಂತರು ಕೇಳುತ್ತಾರೆ. ನಮ್ಮ ದೇಶದಲ್ಲಿ ಮಕ್ಕಳ ಕಲಿಕೆಯನ್ನು ಕುರಿತ ಅಂಕಿಗಳಿಗೆ ಈಗ ಕೊರತೆಯಿಲ್ಲ. 'ಪ್ರಥಮ್' ಸಂಸ್ಥೆಯ ಪ್ರೇರಣೆಯಿಂದ 2005ರಲ್ಲಿ ಆರಂಭವಾದ 'ಅಸರ್' ಸಮೀಕ್ಷೆಯವರು ಹಳ್ಳಿಹಳ್ಳಿಯ ಮನೆಗಳಿಗೆ ಹೋಗಿ, ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಓದಿಸಿ, ಲೆಕ್ಕ ಮಾಡಿಸಿ ನೋಡುತ್ತಾರೆ. ಅವರು ಕಂಡುಕೊಂಡ ಪ್ರಕಾರ, ಗ್ರಾಮೀಣ ಭಾರತದ ಸರಕಾರಿ ಶಾಲೆಗಳ 5ನೆಯ ತರಗತಿಯ ಮಕ್ಕಳಲ್ಲಿ 2ನೆಯ ತರಗತಿಯ ಪಾಠವನ್ನು ಓದಬಲ್ಲವರು 2018ರಲ್ಲಿ ಶೇಕಡ 44.2, ಕೊರೋನಾ ಕಾಲದಲ್ಲಿ ಶಾಲೆಗಳು ಮುಚ್ಚಿದ್ದ ತರುವಾಯ, 2022ರಲ್ಲಿ, ಶೇಕಡ 38.5, 2024ರಲ್ಲಿ ಶೇಕಡ 44.8. ಅಂದರೆ ಐದು ವರ್ಷ ಶಾಲೆಗೆ ನಡೆದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಎರಡನೆಯ ತರಗತಿಯ ಪುಸ್ತಕ ಓದಲು ಬಾರದು. ಖಾಸಗಿ ಶಾಲೆಗಳಲ್ಲಿ ಓದಬಲ್ಲವರ ಪ್ರಮಾಣ ಇದಕ್ಕಿಂತ ಹೆಚ್ಚು; ಆದರೆ ಅಲ್ಲಿಯೂ ಓದಲಾರದ ಮಕ್ಕಳು ದೊಡ್ಡ ಸಂಖ್ಯೆಯಲ್ಲಿಯೇ ಇದ್ದಾರೆ. ಶುಲ್ಕದ ರಸೀತಿ ಓದಿನ ಖಾತರಿಪತ್ರವಲ್ಲವೆಂಬುದು ಇದರಿಂದ ವಿದಿತವಾಗುತ್ತದೆ.

ಸರಕಾರದ ಕಡೆಯಿಂದಲೂ ಸಮೀಕ್ಷೆಗಳಿವೆ. 2017ರಲ್ಲಿ ಮತ್ತು 2021ರಲ್ಲಿ ರಾಷ್ಟ್ರೀಯ ಸಾಧನಾ ಸಮೀಕ್ಷೆ ನಡೆಯಿತು. 2024ರ ಡಿಸೆಂಬರಿನಲ್ಲಿ 'ಪರಖ್' ಎಂಬ ಹೆಸರಿನಲ್ಲಿ 3, 6 ಮತ್ತು 9ನೆಯ ತರಗತಿಗಳ ಸಮೀಕ್ಷೆಯಾಯಿತು. ಆದರೆ ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಇವೆಲ್ಲವೂ ಮಾದರಿ ಸಮೀಕ್ಷೆಗಳು. ಅನ್ನವಾಗಿದೆಯೇ ಎಂದು ನೋಡಲು ಕೆಲವು ಅಗುಳುಗಳನ್ನು ಹಿಚುಕುವಂತೆ, ಆಯ್ದ ಕೆಲವು ಶಾಲೆಗಳನ್ನೋ ಹಳ್ಳಿಗಳನ್ನೋ ನೋಡಿ ಇಡೀ ಜಿಲ್ಲೆಯ, ರಾಜ್ಯದ ಸ್ಥಿತಿಯನ್ನು ಊಹಿಸುವುದು ಅವುಗಳ ಉದ್ದೇಶ. ಮಂತ್ರಿಗಳಿಗೂ ಅಧಿಕಾರಿಗಳಿಗೂ ಅವು ಬೇಕು. ನಮ್ಮ ಬೀದಿಯ ಹಿಂದಿನ ಶಾಲೆ ಹೇಗಿದೆ ಎಂಬ ಪ್ರಶ್ನೆಗೆ ಅವುಗಳಲ್ಲಿ ಉತ್ತರವಿಲ್ಲ. ಜಿಲ್ಲೆಯ ಸರಾಸರಿ ಮಳೆಯ ಲೆಕ್ಕದಿಂದ ನನ್ನ ಹಿತ್ತಿಲ ಬಾವಿಯಲ್ಲಿ ನೀರೆಷ್ಟಿದೆಯೆಂದು ಹೇಳಲಾದೀತೆ?

ಇನ್ನು ಉಳಿದದ್ದು ಪರೀಕ್ಷೆಯ ಫಲಿತಾಂಶ. ಚಿಕ್ಕ ಮಕ್ಕಳಿಗೂ ಸಾರ್ವಜನಿಕ ಪರೀಕ್ಷೆಯಿಟ್ಟರೆ ಶಾಲೆಯ ಬಣ್ಣ ತಿಳಿಯುತ್ತದೆ ಎಂಬ ವಾದ ನಮ್ಮ ರಾಜ್ಯದಲ್ಲಿ ಬಲವಾಗಿಯೇ ಎದ್ದಿತು. 2023 ಮತ್ತು 2024ರಲ್ಲಿ 5 ಹಾಗೂ 8ನೆಯ ತರಗತಿಗಳಿಗೆ ರಾಜ್ಯಮಟ್ಟದ ಪರೀಕ್ಷೆಗಳು ನಡೆದವು; ಅವುಗಳ ಸುತ್ತ ವ್ಯಾಜ್ಯವೂ ನಡೆಯಿತು; 2024ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯ ಫಲಿತಾಂಶವನ್ನೇ ತಡೆಹಿಡಿಯಿತು. ಕಾನೂನಿನ ಜಿಜ್ಞಾಸೆ ನನ್ನ ವಿಷಯವಲ್ಲ. ಆದರೆ ಪರೀಕ್ಷೆಯ ಅಂಕದಿಂದಲೇ ಪ್ರಾಥಮಿಕ ಶಾಲೆಯನ್ನು ಅಳೆಯಹೊರಟಾಗ ಏನಾಗುತ್ತದೆಂಬುದಕ್ಕೆ ಚರಿತ್ರೆಯಲ್ಲಿ ಒಂದು ಸ್ಪಷ್ಟವಾದ ನಿದರ್ಶನವಿದೆ. ಸಾಹಿತ್ಯದ ಓದುಗರಿಗೆ ಅದು ಕುತೂಹಲಕರವೂ ಆಗಬಹುದು.

ಮ್ಯಾಥ್ಯೂ ಆರ್ನಲ್ಡ್ ನಮಗೆ ಪರಿಚಿತನಾಗಿರುವುದು ಕವಿಯಾಗಿ, ವಿಮರ್ಶಕನಾಗಿ. ಆತ ಜೀವನೋಪಾಯಕ್ಕೆ ಹಿಡಿದ ಕೆಲಸ ಶಾಲಾ ಇನ್‌ಸ್ಪೆಕ್ಟರನದು. 1851ರಿಂದ 1886ರವರೆಗೆ, ಮೂವತ್ತೈದು ವರ್ಷ, ಊರೂರು ತಿರುಗಿ ಬಡಮಕ್ಕಳ ಶಾಲೆಗಳನ್ನು ನೋಡಿದವನು ಆತ. 1862ರಲ್ಲಿ, ಶಿಕ್ಷಣದ ಹೊಣೆ ಹೊತ್ತಿದ್ದ ರಾಬರ್ಟ್ ಲೋ ಎಂಬಾತ ಇಂಗ್ಲೆಂಡಿನಲ್ಲಿ ಹೊಸ ನಿಯಮವೊಂದನ್ನು ತಂದ. ಫಲಿತಾಂಶಕ್ಕೆ ತಕ್ಕ ಹಣ ಎಂಬುದು ಅದರ ಸಾರ. ಇನ್‌ಸ್ಪೆಕ್ಟರ್ ಬಂದು ಪ್ರತಿ ಮಗುವನ್ನೂ ಓದು, ಬರೆಹ, ಲೆಕ್ಕ ಈ ಮೂರರಲ್ಲಿ ಪರೀಕ್ಷಿಸಬೇಕು. ಮಗು ಒಂದೊಂದರಲ್ಲಿ ತಪ್ಪಿದಾಗಲೂ ಶಾಲೆಯ ಅನುದಾನದಲ್ಲಿ 2 ಷಿಲಿಂಗ್ 8 ಪೆನ್ಸ್ ಕಡಿತ. ಕೇಳಲು ನ್ಯಾಯವಾಗಿಯೇ ಇದೆ. ಆದದ್ದೇನು? ಉಪಾಧ್ಯಾಯರು ವರ್ಷವಿಡೀ ಒಂದೇ ವಾಚನ ಪುಸ್ತಕವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದರು. ಪುಸ್ತಕವನ್ನು ತಲೆಕೆಳಗು ಮಾಡಿ ಕೊಟ್ಟರೂ ತಡವರಿಸದೆ 'ಓದುವ' ಮಕ್ಕಳ ಕಥೆಗಳು ಆ ಕಾಲದಿಂದ ಉಳಿದುಬಂದಿವೆ. ಚರಿತ್ರೆ, ಭೂಗೋಳ, ಕುತೂಹಲ ಇವೆಲ್ಲ ಹಿಂದೆ ಸರಿದವು. ಕಲಿಸುವ ಕೆಲಸ ಯಾಂತ್ರಿಕವಾಗುತ್ತಿದೆಯೆಂದು ಆರ್ನಲ್ಡ್ ತನ್ನ ವರದಿಗಳಲ್ಲಿ ಮತ್ತೆ ಮತ್ತೆ ಎಚ್ಚರಿಸಿದ. ಆ ಪದ್ಧತಿ ಪೂರ್ತಿ ಅಳಿದದ್ದು 1890ರ ದಶಕದಲ್ಲಿ. ಅಷ್ಟರಲ್ಲಿ ಅದು ಸಮುದ್ರ ದಾಟಿ ನಮ್ಮಲ್ಲಿಗೂ ಬಂದಿತ್ತು; 1882ರಲ್ಲಿ ನೇಮಕವಾದ ಹಂಟರ್ ಆಯೋಗ ಭಾರತದ ಪ್ರಾಥಮಿಕ ಶಾಲೆಗಳಿಗೆ ಅದನ್ನೇ ಶಿಫಾರಸು ಮಾಡಿತು.

ಶಾಲೆಗಳನ್ನು ತನಿಖೆ ಮಾಡಿದವರೆಲ್ಲ ಬರಿಯ ಅಂಕದ ಕಣ್ಣಿನಿಂದ ನೋಡಿದರೆಂದು ತಿಳಿಯಬೇಕಾಗಿಲ್ಲ. ನಮ್ಮ ಚನ್ನಬಸಪ್ಪನವರ ಹೆಸರಿಗೆ 'ಡೆಪ್ಯುಟಿ' ಎಂಬ ವಿಶೇಷಣ ಅಂಟಿಕೊಂಡದ್ದು ಶಾಲಾ ತನಿಖೆಯ ಹುದ್ದೆಯಿಂದಲೇ. ಮಕ್ಕಳ ಕವಿಯೆಂದು ನಾವು ನೆನೆಯುವ ಪಂಜೆ ಮಂಗೇಶರಾಯರೂ ಶಾಲಾ ಇನ್‌ಸ್ಪೆಕ್ಟರರಾಗಿದ್ದವರು. ತರಗತಿಯಲ್ಲಿ ಕುಳಿತು ಮಕ್ಕಳ ಮುಖವನ್ನು ನೋಡಬಲ್ಲವರಿಗೆ ಶಾಲೆಯ ಗುಣ ತಿಳಿಯುತ್ತದೆ. ಆ ನೋಟವನ್ನು ತಂದೆತಾಯಿಗಳೂ ಕಲಿಯಬಹುದು ಎಂಬುದೇ ನಾನು ಹೇಳಹೊರಟಿರುವ ಮುಖ್ಯವಾದ ಮಾತು.

ಅದಕ್ಕೆ ಮೊದಲು ಒಂದು ತತ್ತ್ವವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಶಾಲೆಯ ಸಾಧನೆಯೆಂದರೆ ಮಕ್ಕಳು ಇಂದು ನಿಂತಿರುವ ಎತ್ತರವಲ್ಲ. ಶಾಲೆ ಅವರನ್ನು ಎಲ್ಲಿಂದ ಎಲ್ಲಿಗೆ ಕರೆತಂದಿತು ಎಂಬ ದೂರ. ಮನೆಯಲ್ಲಿ ಪತ್ರಿಕೆ ಬರುವ, ಅಜ್ಜಿ ಕಥೆ ಓದಿ ಹೇಳುವ, ತಾಯಿ ಪಕ್ಕದಲ್ಲಿ ಕುಳಿತು ಬರೆಸುವ ಮಗು ಅರ್ಧ ದಾರಿ ನಡೆದೇ ಶಾಲೆಗೆ ಬಂದಿರುತ್ತದೆ. ಕಟ್ಟಡದ ಕೆಲಸಕ್ಕೆ ಊರಿಂದೂರಿಗೆ ಅಲೆಯುವ ಸಂಸಾರದ ಮಗು ಪೆನ್ಸಿಲನ್ನು ಮೊದಲು ಹಿಡಿಯುವುದೇ ಶಾಲೆಯಲ್ಲಿ. ಅಮೆರಿಕದಲ್ಲಿ 1966ರಲ್ಲಿ ಪ್ರಕಟವಾದ ಜೇಮ್ಸ್ ಕೋಲ್ಮನ್ನರ ವರದಿ, ಮಕ್ಕಳ ಅಂಕಗಳಲ್ಲಿ ಕಾಣುವ ವ್ಯತ್ಯಾಸಕ್ಕೆ ಶಾಲೆಯ ಸಲಕರಣೆಗಳಿಗಿಂತ ಮನೆಯ ಹಿನ್ನೆಲೆಯೇ ಹೆಚ್ಚು ಕಾರಣವೆಂದು ತೋರಿಸಿತು. ಆದ್ದರಿಂದ ಎರಡು ಶಾಲೆಗಳ ಅಂಕಗಳನ್ನು ಹಾಗೆಯೇ ಪಕ್ಕಪಕ್ಕದಲ್ಲಿಟ್ಟು ಹೋಲಿಸಿದರೆ ನಾವು ಅಳೆಯುತ್ತಿರುವುದು ಅನೇಕ ವೇಳೆ ಶಾಲೆಗಳನ್ನಲ್ಲ, ಮನೆಗಳನ್ನು.

ಸಣ್ಣ ಶಾಲೆಯ ಶೇಕಡವಾರಿನಲ್ಲಿ ಇನ್ನೊಂದು ಮೋಸವಿದೆ. ಹತ್ತು ಮಕ್ಕಳ ತರಗತಿಯಲ್ಲಿ ಹೋದ ವರ್ಷ ಹತ್ತೂ ಮಂದಿ ತೇರ್ಗಡೆಯಾದರು. ಈ ವರ್ಷ ಎಂಟು ಮಂದಿ. ಶೇಕಡ 100ರಿಂದ 80ಕ್ಕೆ ಶಾಲೆ ಕುಸಿಯಿತೆಂದು ನಾವು ಉದ್ಗರಿಸುತ್ತೇವೆ. ವಾಸ್ತವವಾಗಿ ವ್ಯತ್ಯಾಸ ಇಬ್ಬರು ಮಕ್ಕಳದು. ಒಬ್ಬನಿಗೆ ಜ್ವರ ಬಂದಿರಬಹುದು. ಇನ್ನೊಬ್ಬಳು ಆಗತಾನೆ ಬೇರೆ ಊರಿನಿಂದ ಬಂದು ಸೇರಿರಬಹುದು. ಸಣ್ಣ ಶಾಲೆಯಲ್ಲಿ ಶೇಕಡವನ್ನು ಕೇಳಬಾರದು, ಮಕ್ಕಳನ್ನು ಕೇಳಬೇಕು.

ಹೇಗೆ ಕೇಳಬೇಕು? ಮೊದಲನೆಯದು ಓದು. ತಂದೆಯಾಗಲಿ ತಾಯಿಯಾಗಲಿ ಮಗುವಿನ ಪಕ್ಕದಲ್ಲಿ ಕುಳಿತು ಹತ್ತು ನಿಮಿಷ ಓದಿಸಿ ಕೇಳಿದರೆ ಅಂಕಪಟ್ಟಿಗಿಂತ ಹೆಚ್ಚು ತಿಳಿಯುತ್ತದೆ. ಅಸರ್ ಸಮೀಕ್ಷೆಯವರ ಕ್ರಮ ಬಹಳ ಸರಳ: ಮೊದಲು ಬಿಡಿ ಅಕ್ಷರ, ಅನಂತರ ಬಿಡಿ ಪದ, ಅನಂತರ ನಾಲ್ಕು ಸುಲಭ ವಾಕ್ಯ, ಕೊನೆಗೆ ಒಂದು ಪುಟ್ಟ ಕಥೆ. ಎಲ್ಲಿ ತಡೆಯುತ್ತದೋ ಅದೇ ಮಗುವಿನ ಮೆಟ್ಟಿಲು. ಆದರೆ ಮಗುವಿನ ಸ್ವಂತ ಪಠ್ಯಪುಸ್ತಕದಿಂದ ಓದಿಸಬಾರದು. ಅದು ಬಾಯಿಗೆ ಬಂದಿರುತ್ತದೆ. ಓದಿಸಲೇಬೇಕಾದರೆ ಪುಟದ ಕೊನೆಯ ಸಾಲಿನಿಂದ ಆರಂಭಿಸಬೇಕು.

ಕನ್ನಡದ ಮಗು ಎಲ್ಲಿ ಎಡವುತ್ತದೆಂಬುದೂ ನಮಗೆ ಗೊತ್ತಿರಬೇಕು. ಮೂಲಾಕ್ಷರಗಳನ್ನು ಬಹುಮಟ್ಟಿಗೆ ಎಲ್ಲ ಮಕ್ಕಳೂ ಕಲಿಯುತ್ತಾರೆ. ಕಾಗುಣಿತದಲ್ಲಿ ಹ್ರಸ್ವ ದೀರ್ಘಗಳ ತೊಡಕು. ಒತ್ತಕ್ಷರಕ್ಕೆ ಬಂದಾಗ ಅನೇಕರ ಗಾಡಿ ನಿಂತೇ ಹೋಗುತ್ತದೆ. ಬರೆದ ಕ್ರಮ ಒಂದು, ಉಚ್ಚರಿಸುವ ಕ್ರಮ ಇನ್ನೊಂದು ಎನಿಸುವ ಅರ್ಕಾವತ್ತು ಮತ್ತೂ ಕಠಿನ. ಎರಡನೆಯ ತರಗತಿಯ ಮಗು ಒತ್ತಕ್ಷರದಲ್ಲಿ ತಡವರಿಸಿದರೆ ಗಾಬರಿಪಡಬೇಕಾಗಿಲ್ಲ. ಐದನೆಯ ತರಗತಿಯ ಮಗು ಅಲ್ಲಿಯೇ ನಿಂತಿದ್ದರೆ, ಆ ಮಗುವನ್ನು ಮೂರು ವರ್ಷ ಯಾರೂ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿಲ್ಲವೆಂದೇ ಅರ್ಥ. ಹಾಗೆಯೇ ಆಡುಮಾತಿನ ಉಚ್ಚಾರವನ್ನು ಓದಿನ ತಪ್ಪೆಂದು ಎಣಿಸಬಾರದು. 'ಹಾಸಿಗೆ' ಎಂದು ಬರೆದದ್ದನ್ನು 'ಆಸಿಗೆ' ಎಂದು ಓದಿದ ಮಗುವಿಗೆ ಓದಲು ಬರುತ್ತದೆ. ಅದು ತನ್ನ ಮನೆಯ ಕನ್ನಡದಲ್ಲಿ ಓದಿದೆ, ಅಷ್ಟೆ.

ಓದಿದ್ದು ಅರ್ಥವಾಯಿತೇ ಎಂಬುದು ಮುಂದಿನ ಪ್ರಶ್ನೆ. ನಾನು ಒಂದು ಚೀಟಿಯಲ್ಲಿ ಹೀಗೆ ಬರೆದುಕೊಂಡು ಶಾಲೆಗೆ ಹೋದೆ: "ಅಜ್ಜಿ ಸಂತೆಯಲ್ಲಿ ಬುಟ್ಟಿ ಕೊಂಡಳು. ದಾರಿಯಲ್ಲಿ ಮಳೆ ಬಂದಿತು. ಛತ್ರಿ ಮನೆಯಲ್ಲಿತ್ತು. ಅಜ್ಜಿ ಬುಟ್ಟಿಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡಳು." ಬುಟ್ಟಿಯನ್ನು ಎಲ್ಲಿ ಕೊಂಡಳು ಎಂದರೆ ಸಂತೆಯಲ್ಲಿ ಎಂದು ಯಾರಾದರೂ ಹೇಳಬಹುದು, ಅದು ವಾಕ್ಯದಲ್ಲಿಯೇ ಇದೆ. ಬುಟ್ಟಿಯನ್ನು ಏಕೆ ಬೋರಲು ಹಾಕಿಕೊಂಡಳು ಎಂಬುದು ಚೀಟಿಯಲ್ಲಿ ಬರೆದಿಲ್ಲ. ಓದುತ್ತ ಓದುತ್ತ ಮಳೆಯನ್ನೂ ಅಜ್ಜಿಯನ್ನೂ ಕಣ್ಣಿನ ಮುಂದೆ ಕಂಡ ಮಗು ಮಾತ್ರ ನಕ್ಕು ಉತ್ತರ ಹೇಳುತ್ತದೆ. ಆ ನಗುವೇ ಓದಿನ ಪರೀಕ್ಷೆ.

ಎರಡನೆಯದು ಲೆಕ್ಕ. ಇಲ್ಲಿ ಉತ್ತರ ಸರಿಯೋ ತಪ್ಪೋ ಎಂಬುದಕ್ಕಿಂತ, ತಪ್ಪಾದದ್ದು ಯಾವ ಬಗೆಯಲ್ಲಿ ಎಂಬುದು ಮುಖ್ಯ. 52ರಲ್ಲಿ 27 ಕಳೆಯಲು ಹೇಳಿದರೆ 25 ಬರಬೇಕು. ಅನೇಕ ಮಕ್ಕಳು 35 ಎಂದು ಬರೆಯುತ್ತಾರೆ. ಎರಡರಲ್ಲಿ ಏಳು ಹೋಗದಿದ್ದಾಗ ಏಳರಲ್ಲಿ ಎರಡನ್ನು ಕಳೆದು ಐದು ಬರೆಯುತ್ತಾರೆ. ಅನಂತರ ಐದರಲ್ಲಿ ಎರಡು ಕಳೆದು ಮೂರು. ಆ ಮಗುವಿಗೆ ಕಳೆಯುವುದು ಗೊತ್ತು. ಹತ್ತರ ಸ್ಥಾನದಿಂದ ದಶಕ ತೆಗೆದುಕೊಳ್ಳುವುದೆಂದರೇನೆಂದು ತಿಳಿದಿಲ್ಲ. 618ನ್ನು 6ರಿಂದ ಭಾಗಿಸಿ 103ರ ಬದಲು 13 ಎಂದು ಬರೆದ ಮಗುವಿಗೆ ಮಗ್ಗಿ ಬರುತ್ತದೆ. ಸೊನ್ನೆಯ ಬೆಲೆ ತಿಳಿಯದು. ಇಂಥ ತಪ್ಪಿಗೆ ಕೆಂಪು ಗೀಟೆಳೆದು 'ತಪ್ಪು' ಎಂದಷ್ಟೇ ಬರೆಯುವ ಶಾಲೆ ಒಂದು. ಕಡ್ಡಿಯ ಕಟ್ಟು ಬಿಚ್ಚಿ ಹತ್ತು ಬಿಡಿ ಕಡ್ಡಿಗಳನ್ನು ಎಣಿಸಿ ತೋರಿಸುವ ಶಾಲೆ ಇನ್ನೊಂದು.

ಮೂರನೆಯದು ಮಕ್ಕಳ ನೋಟ್ ಪುಸ್ತಕ. ಶಾಲೆಯ ನಿಜವಾದ ವಾರ್ಷಿಕ ವರದಿ ಇರುವುದು ಅಲ್ಲಿ. ನಮ್ಮ ಬೀದಿಯ ಹಿಂದಿನ ಶಾಲೆಗೆ ಮುಖ್ಯೋಪಾಧ್ಯಾಯಿನಿಯವರ ಅನುಮತಿ ಪಡೆದು ಮೂರು ದಿನ ಹೋಗಿದ್ದಾಗ, ನಾಲ್ಕನೆಯ ತರಗತಿಯ ಪುಸ್ತಕಗಳನ್ನು ತಿರುವಿಹಾಕಿದೆ. 'ಸಾಕುಪ್ರಾಣಿ' ಎಂಬ ಪ್ರಬಂಧ ಎಲ್ಲ ಪುಸ್ತಕಗಳಲ್ಲಿಯೂ ಇತ್ತು. ಎಲ್ಲದರಲ್ಲಿಯೂ ಹಸು ಒಂದು ಸಾಧು ಪ್ರಾಣಿ. ಅದಕ್ಕೆ ನಾಲ್ಕು ಕಾಲುಗಳು, ಎರಡು ಕೊಂಬುಗಳು. ದುಂಡಾದ ಅಕ್ಷರ, ಒಂದೂ ತಪ್ಪಿಲ್ಲ. ಕಪ್ಪು ಹಲಗೆಯಿಂದ ಇಳಿಸಿಕೊಂಡ ಹಸು ಅದು. ಮೂರನೆಯ ತರಗತಿಯ ಒಂದು ಹುಡುಗಿಯ ಪುಸ್ತಕದಲ್ಲಿ, ಅದೇ ವಿಷಯದ ಮೇಲೆ, ಎರಡೇ ವಾಕ್ಯವಿತ್ತು: ತಮ್ಮ ಮನೆಯ ಆಡನ್ನು ಮಾರಿಬಿಟ್ಟರು, ಆ ರಾತ್ರಿ ತಾನು ಉಣ್ಣಲಿಲ್ಲ, ಎಂದು. ಎರಡು ವಾಕ್ಯಗಳಲ್ಲಿ ನಾಲ್ಕು ತಪ್ಪು. ಕೆಳಗೆ ಉಪಾಧ್ಯಾಯಿನಿ ತಪ್ಪುಗಳನ್ನು ತಿದ್ದಿ, 'ಆಡಿನ ಹೆಸರೇನಿತ್ತು?' ಎಂದು ಕೇಳಿ ಬರೆದಿದ್ದರು. ಮರುದಿನದ ತಾರೀಕಿನಲ್ಲಿ ಹುಡುಗಿ ಹೆಸರು ಬರೆದು, ಅದರ ಬಣ್ಣ, ಅದರ ಹಟ, ಅದು ಅಕ್ಕಿಯ ಮೂಟೆಗೆ ಬಾಯಿ ಹಾಕಿದ್ದು ಎಲ್ಲವನ್ನೂ ಬರೆದಿದ್ದಳು. ಉಪಾಧ್ಯಾಯಿನಿಯ ಒಂದು ಪ್ರಶ್ನೆಗೆ ಮಗು ಒಂದು ಪುಟ ಬರೆದಿತ್ತು. ನನ್ನ ಇಡೀ ಅಧ್ಯಾಪನ ಜೀವನದಲ್ಲಿ ಉತ್ತರಪತ್ರಿಕೆಯ ಅಂಚಿನಲ್ಲಿ ಅಂಥದೊಂದು ಪ್ರಶ್ನೆಯನ್ನು ನಾನು ಬರೆದಿದ್ದೇನೆಯೇ ಎಂದು ಯೋಚಿಸಿದೆ.

ಆ ಉಪಾಧ್ಯಾಯಿನಿ ಒಂದರಿಂದ ಮೂರನೆಯ ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿಕೊಂಡು 'ನಲಿ ಕಲಿ' ಕ್ರಮದಲ್ಲಿ ಕಲಿಸುತ್ತಿದ್ದರು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಉಪಾಧ್ಯಾಯರು, ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳಲ್ಲಿ ನಡೆದಿದ್ದ ಪ್ರಯೋಗವನ್ನು ನೋಡಿಬಂದು ಆರಂಭಿಸಿದ ಕ್ರಮ ಇದು. 2009-10ರಿಂದ ರಾಜ್ಯದ ಸರಕಾರಿ ಶಾಲೆಗಳಿಗೆಲ್ಲ ಹರಡಿತು. ಇದರಲ್ಲಿ ಕಲಿಕೆಯನ್ನು ಒಂದು ಏಣಿಯಂತೆ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿರುತ್ತಾರೆ. ಪ್ರತಿ ಮಗುವೂ ತನ್ನ ವೇಗದಲ್ಲಿ ಏರುತ್ತದೆ. ಯಾವ ಮಗು ಯಾವ ಮೆಟ್ಟಿಲಿನಲ್ಲಿದೆ ಎಂಬುದನ್ನು ಗುರುತು ಹಾಕಿಡುತ್ತಾರೆ. ತಂದೆತಾಯಿಗಳು ಕೇಳಿ ನೋಡಬೇಕಾದ ದಾಖಲೆ ಅದು. ಜೂನ್‌ನಲ್ಲಿ ಮಗು ಎಲ್ಲಿತ್ತು, ದೀಪಾವಳಿಗೆ ಎಲ್ಲಿಗೆ ಬಂದಿತು ಎಂಬುದು ತಿಳಿದರೆ, ನಾನು ಮೊದಲೇ ಹೇಳಿದ ದೂರ ಕಣ್ಣಿಗೆ ಕಾಣುತ್ತದೆ. ಆದರೆ ಏಣಿ ಗೋಡೆಯ ಮೇಲಿದ್ದರೆ ಸಾಲದು. ಮಕ್ಕಳು ಅದನ್ನು ಏರುತ್ತಿರಬೇಕು.

ಉಪಾಧ್ಯಾಯರಿಗೆ ಕೇಳಬೇಕಾದ ಒಂದು ಪ್ರಶ್ನೆಯಿದೆ. ಜಾಣ ಮಕ್ಕಳು ಯಾರೆಂದು ಎಲ್ಲರೂ ಕೇಳುತ್ತಾರೆ. "ನಿಮ್ಮ ತರಗತಿಯಲ್ಲಿ ಎಲ್ಲರಿಗಿಂತ ಹಿಂದೆ ಉಳಿದಿರುವ ಮಗು ಯಾವುದು? ಅದಕ್ಕೆ ಏನು ಮಾಡುತ್ತಿದ್ದೀರಿ?" ಎಂದು ಕೇಳಬೇಕು. ನಾನು ಕೇಳಿದಾಗ ಆ ಉಪಾಧ್ಯಾಯಿನಿ ಕಿಟಕಿಯ ಪಕ್ಕದ ಹುಡುಗನನ್ನು ತೋರಿಸಿ, "ಅವರ ಮನೇಲಿ ತಮಿಳು ಸಾರ್. ಮಹಾಪ್ರಾಣ ಅವನ ಕಿವಿಗೇ ಬೀಳಲ್ಲ. ಊಟದ ಬೆಲ್ಲಿಗೆ ಮುಂಚೆ ದಿನಾ ಹತ್ತು ನಿಮಿಷ ಅವನ ಜೊತೆ ಕೂರ್ತೀನಿ. ಈಗ 'ಕ' 'ಖ' ಬೇರೆ ಮಾಡ್ತಾನೆ" ಎಂದರು. ಭಾಷಾಶಾಸ್ತ್ರದ ಪಾಠ ಹೇಳುತ್ತಿದ್ದ ನನಗೆ ಈ ಉತ್ತರಕ್ಕೆ ಪೂರ್ಣಾಂಕ ಕೊಡದೆ ವಿಧಿಯಿರಲಿಲ್ಲ. 'ಆ ಹುಡುಗ ದಡ್ಡ, ಮನೆಯಲ್ಲಿ ಗಮನ ಕೊಡುವುದಿಲ್ಲ' ಎಂಬ ಉತ್ತರ ಬಂದರೆ, ಶಾಲೆಯ ಕಟ್ಟಡ ಎಷ್ಟೇ ಭವ್ಯವಾಗಿರಲಿ, ನಾಳೆ ನಮ್ಮ ಮಗು ಹಿಂದೆ ಬಿದ್ದಾಗಲೂ ಅದೇ ಉತ್ತರ ಬರುತ್ತದೆಂದು ತಿಳಿಯಬೇಕು.

ನಾಲ್ಕನೆಯದು ಕಾಲದ ಲೆಕ್ಕ. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಒಂದರಿಂದ ಐದನೆಯ ತರಗತಿಗೆ ವರ್ಷಕ್ಕೆ 200 ದಿನ, 800 ಗಂಟೆಯ ಪಾಠ ಆಗಬೇಕು. ಅಂದರೆ ದಿನಕ್ಕೆ ನಾಲ್ಕು ಗಂಟೆ. ಇದರಲ್ಲಿ ದಿನಕ್ಕೊಂದು ಗಂಟೆ ಪತ್ರವ್ಯವಹಾರ, ಸಭೆ, ತರಬೇತಿಗಳಲ್ಲಿ ಸೋರಿಹೋದರೆ ಕಾಲು ಭಾಗ ವರ್ಷವೇ ಹೋಯಿತು. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಇವುಗಳ ಹೊರತು ಉಪಾಧ್ಯಾಯರನ್ನು ಬೇರೆ ಕೆಲಸಕ್ಕೆ ಹಚ್ಚಬಾರದೆಂದು ಅದೇ ಕಾಯಿದೆ ಹೇಳುತ್ತದೆ. ಐದನೆಯ ತರಗತಿಯವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಉಪಾಧ್ಯಾಯರು, 90ರವರೆಗೆ ಮೂವರು ಇರಬೇಕೆಂಬುದು ಅದರ ನಿಯಮ. ಐದು ತರಗತಿಗೆ ಇಬ್ಬರೆಂದರೆ ಕಾಗದದ ಮೇಲೆ ಲೆಕ್ಕ ಸರಿ. ಆದರೆ ಒಬ್ಬರು ರಜೆ ಹಾಕಿದ ದಿನ ಐದೂ ತರಗತಿ ಒಬ್ಬರ ತಲೆಯ ಮೇಲೆ. ಆದ್ದರಿಂದ ಹುದ್ದೆಗಳೆಷ್ಟು ಎಂದು ಕೇಳಿದರೆ ಸಾಲದು, ಈ ವಾರ ಕಲಿಸಿದವರೆಷ್ಟು ಎಂದು ಕೇಳಬೇಕು.

ನಾನು ನೋಡಿದ ಶಾಲೆಯ ನ್ಯೂನತೆಯೂ ಇಲ್ಲಿಯೇ ಇತ್ತು. ಮೇಲಿನ ತರಗತಿಗಳ ಒಂದು ಹುದ್ದೆ ಜೂನ್‌ನಿಂದ ಖಾಲಿ. ಐದನೆಯ ತರಗತಿಯ ಹನ್ನೊಂದು ಮಕ್ಕಳಲ್ಲಿ ಆರು ಮಂದಿ ನನ್ನ ಅಜ್ಜಿಯ ಕಥೆಯನ್ನು ಸರಾಗವಾಗಿ ಓದಿದರು. ಮೂವರು ಒತ್ತಕ್ಷರಗಳಲ್ಲಿ ಎಡವಿದರು. ಇಬ್ಬರು ಅಕ್ಷರಗಳನ್ನು ಕೂಡಿಸಿಕೊಂಡು ಓದುತ್ತಿದ್ದರು. ಆ ಇಬ್ಬರಲ್ಲಿ ಒಬ್ಬ ನವೆಂಬರಿನಲ್ಲಿ ಸೇರಿದವನು. ಅಕ್ಷರವೇ ಗೊತ್ತಿಲ್ಲದೆ ಬಂದಿದ್ದನಂತೆ. ಮೂರು ತಿಂಗಳಲ್ಲಿ ಆತ ಪದದವರೆಗೆ ಬಂದದ್ದು ಶಾಲೆಯ ಲೆಕ್ಕಕ್ಕೆ ಜಮೆಯಾಗಬೇಕು. ಇನ್ನೊಬ್ಬಳು ಒಂದನೆಯ ತರಗತಿಯಿಂದಲೂ ಅಲ್ಲಿಯೇ ಇದ್ದವಳು. ಅದು ಖರ್ಚಿಗೇ ಬೀಳಬೇಕು.

ಕೊನೆಯದಾಗಿ, ಇದೆಲ್ಲವನ್ನು ಕೇಳುವ ಅಧಿಕಾರ ತಂದೆತಾಯಿಗಳಿಗೆ ಎಲ್ಲಿಂದ ಬಂತು ಎಂಬ ಸಂಕೋಚ ಬೇಡ. ಮಗುವಿನ ಹಾಜರಿ, ಕಲಿಯುವ ಸಾಮರ್ಥ್ಯ, ಕಲಿಕೆಯಲ್ಲಿ ಆದ ಪ್ರಗತಿ ಇವನ್ನು ಪೋಷಕರ ಸಭೆ ಕರೆದು ಕ್ರಮವಾಗಿ ತಿಳಿಸುವುದು ಉಪಾಧ್ಯಾಯರ ಕರ್ತವ್ಯವೆಂದು ಶಿಕ್ಷಣ ಹಕ್ಕು ಕಾಯಿದೆಯ 24ನೆಯ ಪ್ರಕರಣ ವಿಧಿಸುತ್ತದೆ. ಶಾಲೆಯ ಆಡಳಿತ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕೆಂದೂ, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಸ್ತ್ರೀಯರಿರಬೇಕೆಂದೂ 21ನೆಯ ಪ್ರಕರಣ ಹೇಳುತ್ತದೆ. ನಮ್ಮ ರಾಜ್ಯದಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್.ಡಿ.ಎಂ.ಸಿ., 2001ರಿಂದಲೇ ಬಂದಿದೆ. ಆ ಸಭೆಗಳಲ್ಲಿ ಕಾಂಪೌಂಡಿನ ಗೋಡೆ, ಸ್ವಾತಂತ್ರ್ಯ ದಿನಾಚರಣೆಯ ಸಿಹಿ ಇವುಗಳ ಮಾತು ಬೇಕಾದಷ್ಟು ನಡೆಯುತ್ತದೆ. 'ಐದನೆಯ ತರಗತಿಯಲ್ಲಿ ಓದಲು ಬಾರದವರು ಎಷ್ಟು ಮಂದಿ? ಮುಂದಿನ ಸಭೆಯ ಹೊತ್ತಿಗೆ ಎಷ್ಟಾಗುತ್ತಾರೆ?' ಎಂದು ಕೇಳುವವರು ವಿರಳ. ಕೇಳುವ ಧ್ವನಿಯಲ್ಲಿ ಆಪಾದನೆ ಇರಬಾರದು. ಹುದ್ದೆ ಖಾಲಿಯಿರುವುದು ಉಪಾಧ್ಯಾಯಿನಿಯ ತಪ್ಪಲ್ಲ. ಆದರೆ ಆ ಖಾಲಿ ಹುದ್ದೆಯ ವಿಷಯವಾಗಿ ಮೇಲಿನವರಿಗೆ ಅರ್ಜಿ ಬರೆಯಲು ಪೋಷಕರ ಸಹಿಯೇ ಬೇಕು. ಕೇಳಬಲ್ಲ ಪೋಷಕರೆಲ್ಲ ಬೇರೆ ಶಾಲೆಗೆ ಹೊರಟುಹೋದರೆ, ಉಳಿದ ಮಕ್ಕಳ ಪರವಾಗಿ ಕೇಳುವವರು ಯಾರು?

ನಾಲ್ಕನೆಯ ದಿನ ನಾನು ಇಸ್ತ್ರಿಯ ಗಾಡಿಯ ಬಳಿಗೆ ಹೋಗಿ ಕಂಡದ್ದನ್ನೆಲ್ಲ ಹೇಳಿದೆ. ಕೆಳಗಿನ ತರಗತಿಗಳಲ್ಲಿ ಮಕ್ಕಳನ್ನು ಬಲ್ಲ ಉಪಾಧ್ಯಾಯಿನಿಯಿದ್ದಾರೆ; ಮೇಲಿನ ತರಗತಿಗಳಲ್ಲಿ ಒಂದು ಹುದ್ದೆ ಖಾಲಿಯಿದೆ; ನಿನ್ನ ಮಗಳಿಗೆ ಆ ತರಗತಿ ಬರಲು ಮೂರು ವರ್ಷವಿದೆ; ಅಷ್ಟರಲ್ಲಿ ಅದು ತುಂಬುವಂತೆ ನೋಡಿಕೊಳ್ಳಬೇಕಾದವರಲ್ಲಿ ನೀನೂ ಒಬ್ಬ, ಎಂದೆ. ಆತ ಕೆಂಡದ ಪೆಟ್ಟಿಗೆಯನ್ನು ಮಗ್ಗುಲಿಗಿಟ್ಟು ಸ್ವಲ್ಪ ಹೊತ್ತು ಯೋಚಿಸಿ, "ಅಂದ್ರೆ ಪಾಸಾ ಫೇಲಾ ಮೇಷ್ಟ್ರೇ?" ಎಂದು ಕೇಳಿದ. ಪಾಸಾಗಿದೆ, ಆದರೆ ಮೇಲ್ವಿಚಾರಣೆ ಬೇಕು ಎಂದೆ.

ಜೂನ್‌ನಲ್ಲಿ ಮಗಳು ಅಲ್ಲಿಯೇ ಸೇರಿದಳು. ಈಗ ಶಾಲೆ ಬಿಟ್ಟ ಮೇಲೆ ಹೊಂಗೆಯ ಮರದ ಕೆಳಗೆ ಕುಳಿತು, ಬಟ್ಟೆ ಸುತ್ತಲು ತಂದಿಟ್ಟ ಹಳೆಯ ಪತ್ರಿಕೆಗಳ ದೊಡ್ಡಕ್ಷರಗಳನ್ನು ಬೆರಳಿಟ್ಟು ಓದುತ್ತಾಳೆ. ಒತ್ತಕ್ಷರ ಬಂದಾಗ ನಿಲ್ಲುತ್ತಾಳೆ. ಅಪ್ಪನಿಗೆ ಓದು ಅಷ್ಟಕ್ಕಷ್ಟೆ, ಆದರೂ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿ, "ಎಲ್ಲಿ, ಮುಂದಕ್ಕೆ?" ಎನ್ನುತ್ತಾನೆ. ನಿನ್ನೆ ನಾನು ಹೋದಾಗ 'ವರ್ಷ' ಎಂಬ ಪದದ ಮುಂದೆ ಇಬ್ಬರೂ ನಿಂತಿದ್ದರು. ನಾಳೆ ಟೀಚರನ್ನೇ ಕೇಳಿಕೊಂಡು ಬರುತ್ತೇನೆಂದು ಹುಡುಗಿ ಹೇಳಿದಳು.